ಮಾಡಿದ ಕೈಯ ಸ್ವಿಚ್ಚು

ಗಜೇಂದ್ರಗಡದ ಅಲ್ಲಾಸಾಬನ ಅಂಗಡಿಯಲ್ಲಿ ಒಂದು ಕಾಯಿದೆ ಇತ್ತು. ಕೆಟ್ಟ ಮಿಕ್ಸಿಯೋ, ಸುಟ್ಟ ಮೋಟಾರೋ, ಬಾಯಿ ಬಿದ್ದ ರೇಡಿಯೋವೋ, ರಿಪೇರಿಯಾದದ್ದು ಏನೇ ಇರಲಿ, ಗಿರಾಕಿಯ ಕಣ್ಣೆದುರು ಮೊದಲ ಸಲ ಸ್ವಿಚ್ಚು ಹಾಕುವ ಕೈ ಅದನ್ನು ಮಾಡಿದವನದೇ ಆಗಿರಬೇಕು. ಮೇಜಿನ ಮೇಲೆ ಹತ್ತು ಸಲ ಹಚ್ಚಿ ಆರಿಸಿ ನೋಡಿದ್ದು ಲೆಕ್ಕಕ್ಕಿಲ್ಲ. ಗಿರಾಕಿ ಎಷ್ಟೇ ಅವಸರದವನಾದರೂ ಅಲ್ಲಾಸಾಬ ಅವನನ್ನು ದೂರ ನಿಲ್ಲಿಸಿ, ಬಿಸ್ಮಿಲ್ಲಾ ಅಂದು, ತಾನೇ ಸ್ವಿಚ್ಚು ಹಾಕುತ್ತಿದ್ದ. ನರಗುಂದದಲ್ಲಿ ಅವನಿಗೆ ಮೋಟಾರು ಸುತ್ತುವುದನ್ನು ಕಲಿಸಿದ ಉಸ್ತಾದರು ಹಾಕಿಕೊಟ್ಟ ಪದ್ಧತಿ ಅದು. "ತಪ್ಪ ಮಾಡಿದ ಕೈಗೇ ಮೊದ್ಲ ಝಟಕಾ ಹೊಡೀಬೇಕಲೇ, ಗಿರಾಕಿ ಏನ ಪಾಪ ಮಾಡ್ಯಾನ?" ಅನ್ನುತ್ತಿದ್ದರಂತೆ ಅವರು.

ಮಗಳು ನಾಜಮೀನ ಚಿಕ್ಕವಳಿದ್ದಾಗ ಆ ಸ್ವಿಚ್ಚಿನ ಮೇಲೆಯೇ ಅವಳ ಕಣ್ಣು. ಶಾಲೆ ಬಿಟ್ಟ ಕೂಡಲೇ ಪಾಟಿಚೀಲ ಎಸೆದು ಅಂಗಡಿಗೆ ಓಡಿ ಬರುವಳು, ಸ್ಟೂಲು ಹತ್ತಿ ಬೆರಳು ಚಾಚುವಳು. "ನೀ ಮಾಡೀಯೇನ ಅದನ್ನ? ಇಲ್ಲಲ್ಲ? ಮತ್ತ ಇಳಿ ಕೆಳಗ. ನೀ ಮಾಡಿದ ದಿನಾ ನೀನ ಹಾಕೀಯಂತ, ನಾ ದೂರ ನಿಂತ ನೋಡ್ತೀನಿ" ಎಂದು ಅಲ್ಲಾಸಾಬ ಅವಳ ಕಿವಿ ಹಿಂಡುತ್ತಿದ್ದ. ಅಪ್ಪ ಮಗಳಿಗೆ ಕೊಟ್ಟ ಮಾತು ಅದು. ಅವನು ಅದನ್ನು ಆ ಸಂಜೆಯೇ ಮರೆತ. ಅವಳು ಮರೆಯಲಿಲ್ಲ. ಮಕ್ಕಳು ಎಲ್ಲಿ ಮರೆಯುತ್ತಾರೆ!

ಇನ್ನೊಂದು ಸಂಗತಿ ಹೇಳಬೇಕು. ಆ ಮನೆಯಲ್ಲಿ ಮಾತೆಲ್ಲ ಉರ್ದು. ಅಪ್ಪ, ಮಗಳು ಕೆಲಸದ ಮೇಜಿಗೆ ಕೂತಾಗ ಮಾತ್ರ ಕನ್ನಡ. ಉಸ್ತಾದರು ಕೆಲಸ ಕಲಿಸಿದ್ದು ಕನ್ನಡದಲ್ಲಿ, ಹಾಗಾಗಿ ತಂತಿ, ಗಂಟು, ಬೆಸುಗೆ ಎಲ್ಲವೂ ಅಲ್ಲಾಸಾಬನ ತಲೆಯಲ್ಲಿ ಕನ್ನಡವಾಗಿಯೇ ಕೂತಿದ್ದವು. ಮಗಳಿಗೂ ಹಾಗೆಯೇ ಇಳಿದವು. ಮನೆಯಲ್ಲಿ ಅಬ್ಬಾನ ಎದುರು ತಗ್ಗಿದ ದನಿಯಲ್ಲಿ ಮಾತಾಡುವ ಹುಡುಗಿ ಮೇಜಿಗೆ ಬಂದಳೆಂದರೆ, "ಅಬ್ಬಾ, ಈ ಬೆಸಿಗಿ ಹುಸಿ ಆಗೇತಿ, ಸರೀರಿ ಆಕಡೆ" ಎಂದು ಅಪ್ಪನ ಕೈಯನ್ನೇ ತಳ್ಳುವಳು. ಅಲ್ಲಾಸಾಬನಿಗೆ ಒಳಗೊಳಗೇ ಹಿಗ್ಗು. ಊಟದ ಹೊತ್ತಿಗೆ ಕರೆಯಲು ಬಂದ ಹೆಂಡತಿ ಸಾಬೀರಾ, ನಿಮ್ಮಿಬ್ಬರ ಮೇಜಿನ ಮಾತಿನಲ್ಲಿ ನನಗಂತೂ ಜಾಗವಿಲ್ಲ ಬಿಡಿ ಎಂದು ಉರ್ದುವಿನಲ್ಲೇ ಅಂದು, ಸೊಟ್ಟ ಮೋರೆ ಮಾಡಿ ಹೋಗುವಳು.

ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದು ಅಪ್ಪನ ಪಕ್ಕದಲ್ಲೇ ಕೂತಳು. ಓಣಿಯವರು ಮೂಗು ಮುರಿದರು. ಅಲ್ಲಾಸಾಬ ಅವರಿಗೆಲ್ಲ ಮೀಸೆ ತಿರುವಿ ಉತ್ತರ ಕೊಟ್ಟ. ಹೊರಗಿನವರ ಎದುರು ಅಷ್ಟು ಗಟ್ಟಿಯಿದ್ದ ಮನುಷ್ಯ ಒಳಗೆ ಎಲ್ಲಿ ಸಡಿಲಾದನೋ, ಅದೇ ಈ ಕಥೆ.

ಲಕ್ಕಲಕಟ್ಟಿಯ ಮುತ್ತಪ್ಪ ಅವನ ಹಳೆಯ ದೋಸ್ತ. ಹೊಲದಲ್ಲಿ ಹಿಪ್ಪುನೇರಳೆ ಹಚ್ಚಿ, ಬದುವಿಗೆ ತಗಡಿನ ಮಾಡಿನ ಹುಳದ ಮನೆ ಕಟ್ಟಿಸಿ, ಗಂಡ ಹೆಂಡತಿ ಇಬ್ಬರೂ ರೇಷ್ಮೆ ಹುಳ ಮೇಯಿಸುತ್ತಿದ್ದರು. ಒಂದು ದಿನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ.

"ಅಲ್ಲಾಸಾಬ, ಹುಳದ ಮನಿಗೆ ಒಂದ ಏನರ ಯಂತ್ರಾ ನೋಡೋ ಮಾರಾಯಾ. ತಣ್ಣಗಾತಂದ್ರ ತಾನ ಹೀಟರ್ ಹಚ್ಚಬೇಕು, ಕಾದ್ರ ತಾನ ಕೂಲರ್ ಹಚ್ಚಬೇಕು. ಇಪ್ಪತ್ತೈದ ಡಿಗ್ರಿ ಆಜೂಬಾಜೂ ನಿಂದರಬೇಕು ನೋಡು, ಮ್ಯಾಲೂ ಅಲ್ಲ, ಕೆಳಗೂ ಅಲ್ಲ. ನಾನೂ ಶಂಕ್ರವ್ವನೂ ಪಾಳಿ ಮ್ಯಾಲೆ ನಿದ್ದಿಗೆಟ್ಟ ಸಾಕಾಗೇತಿ."

ಖರೆ ಮಾತೇ. ಶಿವರಾತ್ರಿಯ ಹಿಂದೆಮುಂದೆ ಈ ಸೀಮೆಯ ಹವಾ ಕೇಳಬೇಡಿ. ಬೆಳಗಿನ ಜಾವ ಹಲ್ಲು ಕಟಕಟ ಅನ್ನುವ ಚಳಿ, ಮಧ್ಯಾಹ್ನ ತಗಡು ಕಾದು ಒಳಗೆ ನಿಲ್ಲಲಾಗದ ಝಳ. ಒಂದೇ ದಿನದಲ್ಲಿ ಎರಡೂ. ಮುತ್ತಪ್ಪ ಚಳಿಗೆ ಇದ್ದಿಲ ಶೆಗಡಿ ಇಡುತ್ತಿದ್ದ, ಶಂಕ್ರವ್ವ ಬಿಸಿಲಿಗೆ ಗೋಣಿತಟ್ಟು ತೋಯಿಸಿ ಕಿಟಕಿಗೆ ಕಟ್ಟುತ್ತಿದ್ದಳು. ಹೀಟರು, ಕೂಲರು ತಂದಿಟ್ಟರೂ ಹಚ್ಚಿ ಆರಿಸಲು ಯಾರಾದರೂ ಥರ್ಮಾಮೀಟರಿನ ಮುಂದೆ ಕೂತೇ ಇರಬೇಕಿತ್ತು.

"ಕೈಲೆ ಮಾಡಿಕೊಡ್ತೀಯೋ, ಎಲ್ಲಿಂದರ ತಂದ ಕೊಡ್ತೀಯೋ, ಅದು ನಿನಗ ಬಿಟ್ಟಿದ್ದು. ನೀ ಹಚ್ಚಿದ್ದಂದ್ರ ನಾ ತಿರುಗಿ ನೋಡಾಂವಲ್ಲ" ಎಂದು ಮುತ್ತಪ್ಪ ಚಹಾ ಕುಡಿದು ಎದ್ದುಹೋದ.

ಅವನು ಗಲ್ಲಿ ದಾಟಿರಲಿಲ್ಲ, ನಾಜಮೀನ ತಿರುಗಿ ಕೂತಳು. "ಅಬ್ಬಾ, ಇದನ್ನ ನಾ ಮಾಡ್ತೀನಿ. ಪೂರಾ ನಾನ. ನೀವು ಕೈ ಹಚ್ಚಬಾರದು."

"ಮಾಡವಾ" ಅಂದ ಅಲ್ಲಾಸಾಬ. ಆಗ ಅವನು ಮನಸ್ಸಿನಿಂದಲೇ ಅಂದಿದ್ದ. ಅದರಲ್ಲಿ ಮೋಸವಿರಲಿಲ್ಲ.

ಅವಳು ಬೇಸಾಯಕ್ಕೆ ಇಳಿದವರ ಹಾಗೆ ಇಳಿದಳು. ತಾನು ಕಾಲೇಜಿಗೆ ಒಯ್ಯುತ್ತಿದ್ದ ಹಸಿರು ಪ್ಲಾಸ್ಟಿಕ್ಕಿನ ಊಟದ ಡಬ್ಬಿಯನ್ನೇ ಯಂತ್ರದ ಮನೆ ಮಾಡಿದಳು. ಒಳಗೆ ಬೋರ್ಡು, ಕರೆಂಟನ್ನು ತಾನಾಗಿ ಹಚ್ಚಿ ಆರಿಸುವ ಎರಡು ರಿಲೇ, ಹೊರಗೆ ಶಾಖ ಅರಿಯುವ ಉದ್ದ ಬಾಲದ ಸೆನ್ಸರು. ನಡೆಸಿ ನೋಡಲು ಹೀಟರಿನ ಬದಲು ಒಂದು ಬಲ್ಬು, ಕೂಲರಿನ ಬದಲು ಒಂದು ಮೇಜಿನ ಫ್ಯಾನು. ಸೆನ್ಸರನ್ನು ಒಮ್ಮೆ ಬಿಸಿ ಚಹಾದ ಗ್ಲಾಸಿಗೆ ತಾಗಿಸುವಳು, ಒಮ್ಮೆ ಐಸಿಗೆ ಹಿಡಿಯುವಳು. ಚಹಾಕ್ಕೆ ಫ್ಯಾನು ತಿರುಗಬೇಕು, ಐಸಿಗೆ ಬಲ್ಬು ಹತ್ತಬೇಕು. ಎದುರುಮನೆಯಲ್ಲಿ ಸೀರೆಯ ಮಗ್ಗ ಸಪ್ಪಳ ಮಾಡುತ್ತಿರುತ್ತಿತ್ತು, ಇಲ್ಲಿ ರಿಲೇ ಟಕ್ ಅನ್ನುತ್ತಿತ್ತು.

ಮೊದಮೊದಲು ಅದು ಹುಚ್ಚಾಟ ಮಾಡಿತು. ಬಲ್ಬು ಆರಿದ ಕೂಡಲೇ ಫ್ಯಾನು, ಫ್ಯಾನು ನಿಂತ ಕೂಡಲೇ ಬಲ್ಬು, ಟಕಟಕಟಕ ಎಂದು ಒಂದಕ್ಕೊಂದು ಜಗಳಕ್ಕೆ ಬಿದ್ದವು. ಹೀಗೇ ಬಿಟ್ಟರೆ ಹುಳದ ಮನೆಯಲ್ಲಿ ಹೀಟರು, ಕೂಲರು ಎರಡೂ ಸುಟ್ಟು ಕರಕಲಾಗುತ್ತವೆ. ಅಲ್ಲಾಸಾಬನ ಎದೆಯಲ್ಲಿ ಸಂಶಯದ ಬೀಜ ಬಿದ್ದದ್ದು ಆ ದಿನವೇ. ಮರುದಿನವೇ ಅವಳು ಅದನ್ನು ಸರಿ ಮಾಡಿದಳು. "ಚಳಿಗೂ ಶೆಕಿಗೂ ನಡುವ ಒಂದೀಟ ಜಾಗಾ ಬಿಡಬೇಕಿತ್ತಬ್ಬಾ. ಅಲ್ಲಿ ಎರಡೂ ಸುಮ್ಮನ ಕೂಡ್ರಬೇಕು. ಈಗ ಬಿಟ್ಟೀನಿ, ನೋಡ್ರಿ" ಎಂದು ತೋರಿಸಿದಳು. ಅವನು ಒಂದು ಮೋಟಾರಿನ ಗಿರಾಕಿಯ ಜೊತೆ ಮಾತಾಡುತ್ತ ಹೂಂ ಅಂದ. ಟಕಟಕ ಮಾತ್ರ ಅವನ ಕಿವಿಯಲ್ಲಿ ಉಳಿದಿತ್ತು, ಅದು ನಿಂತದ್ದು ಕಿವಿಗೆ ಬೀಳಲಿಲ್ಲ.

ಅವಳು ಪ್ಲಗ್ಗನ್ನು ಮೇಜಿನ ಸಾಕೆಟ್ಟಿಗೆ ಹಾಕುತ್ತಿರಲಿಲ್ಲ. ಮೇಜಿಗೆ ಇನ್ವರ್ಟರಿನ ಕರೆಂಟು ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅಲ್ಲಿ ಹೋಗುತ್ತಿರಲಿಲ್ಲ. ಬಾಗಿಲ ಬಳಿಯ ಲೈನಿನ ಸಾಕೆಟ್ಟಿಗೆ ಉದ್ದ ವಾಯರು ಎಳೆದು ಅಲ್ಲಿಂದ ನಡೆಸುತ್ತಿದ್ದಳು. ಓಡಾಡುವವರ ಕಾಲಿಗೆ ಅದು ತೊಡರುತ್ತಿತ್ತು. ಅಲ್ಲಾಸಾಬ ಬೈದ. "ಹೊಲದಾಗ ಇನ್ವರ್ಟರ್ ಎಲ್ಲಿ ಬರಬೇಕಬ್ಬಾ? ಕರೆಂಟ ಹೋಗಿ ಬಂದ್ರ ಇದು ತಾನ ಎದ್ದ ಕುಂತು, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಚಾಲೂ ಆಗಬೇಕು. ಅದನ್ನ ನೋಡಾಕತ್ತೀನಿ" ಅಂದಳು. ಕರೆಂಟು ಹೋಗುವುದನ್ನು ಹಬ್ಬದ ಹಾಗೆ ಕಾಯುವ ಹುಡುಗಿಯನ್ನು ಅವನು ಅಲ್ಲಿಯತನಕ ಕಂಡಿರಲಿಲ್ಲ. ಹೋಗಿ ಬಂದಾಗಲೆಲ್ಲ ಡಬ್ಬಿಯತ್ತ ಓಡುವಳು, ಅದು ಟಕ್ ಎಂದು ತಾನಾಗಿ ಶುರುವಾದರೆ ಚಪ್ಪಾಳೆ ತಟ್ಟುವಳು.

ಒಂದು ದಿನ ಪಂಪು ಮಾರುವವನೊಬ್ಬ ಅಂಗಡಿಗೆ ಬಂದಿದ್ದ. ಹಸಿರು ಡಬ್ಬಿ ನೋಡಿ, "ಅಲ್ಲಾಸಾಬ್ರ, ಇದರಾಗ ಏನೈತ್ರಿ, ಬಿರ್ಯಾನಿ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಗಿರಾಕಿ ನಕ್ಕನೆಂದು ಅಲ್ಲಾಸಾಬನೂ ನಕ್ಕ. ಮುಲಾಜಿನ ನಗು ಅದು, ಆದರೂ ನಗುವೇ. ನಾಜಮೀನ ತಲೆ ಎತ್ತಲಿಲ್ಲ. ಬೆಸುಗೆಯ ಕಡ್ಡಿ ಹಿಡಿದ ಕೈ ಮಾತ್ರ ಸ್ವಲ್ಪ ಹೊತ್ತು ನಿಂತಿತು.

ಮುಂದಿನ ವಾರ ತಾಮ್ರದ ತಂತಿ ತರಲು ಹುಬ್ಬಳ್ಳಿಗೆ ಹೋದ ಅಲ್ಲಾಸಾಬ ಒಂದು ದೊಡ್ಡ ಅಂಗಡಿಯ ಗಾಜಿನ ಕಪಾಟಿನಲ್ಲಿ ತಯಾರು ಕಂಟ್ರೋಲರು ನೋಡಿದ. ಕರಿ ಮೈ, ಕೆಂಪು ಅಂಕಿ, ಹೀಟಿಂಗಿಗೂ ಕೂಲಿಂಗಿಗೂ ಒಂದೇ ಯಂತ್ರ, ಮೇಲೆ ಮಿರಿಮಿರಿ ಮಿಂಚುವ ಗ್ಯಾರಂಟಿ ಚೀಟಿ. ಅವನ ಮನಸ್ಸು ಅಲ್ಲೇ ಜಾರಿತು. ಮುತ್ತಪ್ಪನ ಇಡೀ ಬೆಳೆ, ಡಬ್ಬಿ ಎಲ್ಲಾದರೂ ಮತ್ತೆ ಟಕಟಕ ಅಂದರೆ? ತಾನು ಮಾಡಿದ್ದು ಕೆಟ್ಟರೆ ತಾನು ಬೈಸಿಕೊಳ್ಳುವೆ, ಮಗಳು ಮಾಡಿದ್ದು ಕೆಟ್ಟರೆ ಊರು ಏನಂದೀತು? ಹುಡುಗಿ ಮೇಜಿಗೆ ಕೂತದ್ದಕ್ಕೇ ಹೀಗಾಯಿತು ಅನ್ನುವುದಿಲ್ಲವೇ? ಅವಳಿಗೆ ಮಾತು ಬರಬಾರದು, ಅವಳ ಒಳ್ಳೆಯದಕ್ಕೇ ಇದು. ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಯಂತ್ರವನ್ನು ಚೀಲಕ್ಕೆ ಹಾಕಿದ. ಎಂಥ ಅಪ್ಪ ನೋಡಿ! ಅಂಜಿಕೆ ತನ್ನದು, ಹೆಸರು ಮಗಳದು.

ನಾಜಮೀನ ಮನೆಗೆ ಹೋದ ಮೇಲೆ ಅದನ್ನು ಮೇಜಿನ ಮೇಲಿಟ್ಟು ನಡೆಸಿ ನೋಡಿದ. ಮೇಜಿನ ಸಾಕೆಟ್ಟಿಗೇ, ಅದೇ ಇನ್ವರ್ಟರಿನ ಕರೆಂಟಿಗೇ ಹಾಕಿದ. ಬೆಣ್ಣೆಯ ಹಾಗೆ ನಡೆಯಿತು.

ಊಟ ಕೊಡಲು ಬಂದ ಸಾಬೀರಾ ಅದನ್ನು ನೋಡಿದಳು. ಆ ಹೆಂಗಸಿಗೆ ಅಷ್ಟೇ ಸಾಕಾಯಿತು. ಹುಡುಗಿಗೆ ಮೊದಲೇ ಹೇಳಿಬಿಡಿ, ಅಲ್ಲಿ ಹೋದ ಮೇಲೆ ಬೇಡ ಎಂದು ತಮ್ಮ ಮಾತಿನಲ್ಲಿ ಬೇಡಿಕೊಂಡಳು. ಹೇಳುತ್ತೇನೆ ಬಿಡು ಅಂದ. ಹೇಳಲಿಲ್ಲ. ನಾಳೆ, ನಾಳೆ ಅನ್ನುತ್ತ ಹಚ್ಚುವ ದಿನವೇ ಬಂದುಬಿಟ್ಟಿತು.

ಆ ದಿನ ನಾಜಮೀನ ಈದಿಗೆ ಹೊಲಿಸಿದ್ದ ಹೊಸ ಡ್ರೆಸ್ಸು ಹಾಕಿಕೊಂಡಿದ್ದಳು. ಸ್ಕೂಟರಿನ ಹಿಂದೆ ಕೂತು, ಹಸಿರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಲಕ್ಕಲಕಟ್ಟಿಯ ತನಕ ಎರಡೂ ಕೈಯಲ್ಲಿ ಹಿಡಿದಿದ್ದಳು. ಅಲ್ಲಾಸಾಬ ಕನ್ನಡಿಯಲ್ಲಿ ಅವಳ ಮುಖ ಕಾಣಬಾರದೆಂದು ಕನ್ನಡಿಯನ್ನು ಹೊರಗೆ ತಿರುಗಿಸಿದ. ದಾರಿಯಲ್ಲಿ ಹೇಳಬಹುದಿತ್ತು. ಹೊಲದ ದಾರಿಗೆ ಹೊರಳುವಾಗ ಹೇಳಬಹುದಿತ್ತು. ಸ್ಕೂಟರು ನಿಲ್ಲಿಸಿದ ಮೇಲಾದರೂ ಹೇಳಬಹುದಿತ್ತು.

ಹುಳದ ಮನೆಯ ಬಾಗಿಲಲ್ಲಿ ಮುತ್ತಪ್ಪ, ಶಂಕ್ರವ್ವ ನಿಂತಿದ್ದರು. ನಾಲ್ಕನೇ ಜ್ವರ ಬಿಟ್ಟು, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಹುಳಗಳು ಒಳಗೆ ಹಿಪ್ಪುನೇರಳೆಯ ತಪ್ಪಲು ಮೇಯುವ ಸಪ್ಪಳ ಜಿಟಿಜಿಟಿ ಮಳೆಯ ಹಾಗೆ ಕೇಳುತ್ತಿತ್ತು. ಇಲ್ಲಿಂದ ಗೂಡು ಕಟ್ಟುವ ತನಕ ಅವು ಬಿಡುವಿಲ್ಲದೆ ಮೇಯುವ ಕಾಲ, ಸ್ವಲ್ಪವೂ ಏರುಪೇರಾಗಬಾರದು.

ಅಲ್ಲಾಸಾಬ ಚೀಲಕ್ಕೆ ಕೈ ಹಾಕಿ ಕರಿ ಯಂತ್ರವನ್ನು ಹೊರತೆಗೆದ. ಮಗಳ ಕಡೆ ನೋಡದೆ ಮುತ್ತಪ್ಪನಿಗೆ ದೊಡ್ಡ ದನಿಯಲ್ಲಿ ಹೇಳಿದ. "ನೋಡ ದೋಸ್ತ, ಕೈಲೆ ಮಾಡಿದ್ದಕ್ಕ ಯಾರ ಗ್ಯಾರಂಟಿ? ತಯಾರ ಮಾಲ ತಗೊಂಡ್ರ ಕಣ್ಣ ಮುಚ್ಚಿ ಮಲಗಬಹುದು."

ಬಾಯಿಂದ ಬಂದ ಮೇಲೆ ಅದು ಅವನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಕೈಯಿಂದ ಮಾಡಿಯೇ ಬದುಕಿದ ಮನುಷ್ಯ ಅವನು.

ನಾಜಮೀನ ನಿಂತಲ್ಲೇ ನಿಂತಳು. ದುಪಟ್ಟಾದ ಸೆರಗನ್ನು ನಿಧಾನ ಎಳೆದು ಡಬ್ಬಿಯ ಮೇಲೆ ಹೊದಿಸಿದಳು. ಶಂಕ್ರವ್ವನಿಗೆ ಅದು ಕಂಡಿತು.

"ಅದೇನವಾ ಕೈಯಾಗ? ಬುತ್ತಿ ತಂದಿ ಏನು?"

"ಊಟದ ಡಬ್ಬಿ ಕಾಕಿ. ಖಾಲಿ ಐತಿ."

ಅಲ್ಲಾಸಾಬ ಆ ಮಾತು ಕೇಳಿಸಿಕೊಂಡ. ಆದರೂ ಕೆಲಸ ಬಿಡಲಿಲ್ಲ. ಗೋಡೆಗೆ ಯಂತ್ರ ಬಿಗಿದ, ವಾಯರು ಕೂಡಿಸಿದ, ಸೆನ್ಸರು ಹುಳದ ತಟ್ಟೆಗಳ ನಡುವೆ ಇಳಿಬಿಟ್ಟ. ಕೊನೆಗೆ ಸ್ವಿಚ್ಚು ಉಳಿಯಿತು. ಮುತ್ತಪ್ಪ ಕಾಯಿದೆ ಗೊತ್ತಿದ್ದವನು, ತಾನಾಗಿಯೇ ದೂರ ಸರಿದು, "ಹಾಕಪಾ" ಅಂದ. ಅಲ್ಲಾಸಾಬನ ಕೈ ಮೇಲೇಳಲಿಲ್ಲ. ಇದನ್ನು ಅವನು ಮಾಡಿಲ್ಲ. ಮಾಡಿದವರು ಎಲ್ಲಿಯವರೋ, ಹೆಸರೂ ಗೊತ್ತಿಲ್ಲ. "ನೀನ ಹಾಕ ಬಾ, ಕಂಪನಿ ಮಾಲಿಗೆ ಯಾರ ಹಾಕಿದ್ರೂ ನಡೀತೈತಿ" ಎಂದು ಮುತ್ತಪ್ಪನಿಂದಲೇ ಹಾಕಿಸಿದ. ಕೆಂಪು ಅಂಕಿ ಹೊಳೆಯಿತು, ಕೂಲರು ತಿರುಗಿತು. ಎಲ್ಲರೂ ಖುಷಿಪಟ್ಟರು. ಹೊರಗೆ ಬಂದು ನೋಡಿದರೆ ಮಗಳು ಆಗಲೇ ಸ್ಕೂಟರಿನ ಹತ್ತಿರ ಹೋಗಿ ನಿಂತಿದ್ದಳು.

ಪರೀಕ್ಷೆಯ ದಿನಗಳೆಂದು ಆಗ ಕರೆಂಟು ತೆಗೆಯುತ್ತಿರಲಿಲ್ಲ. ಯಂತ್ರ ಚೆಂದ ನಡೆಯಿತು. ಮುತ್ತಪ್ಪ ದಿನಾಲೂ ಫೋನು ಮಾಡಿ ಹೊಗಳುವನು. ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವ ಹೊತ್ತಿಗೆ ಸವಡಿಯಲ್ಲಿ ಬೀಗರ ಹೊಸಮನೆಯ ಪೂಜೆ ಬಂತು. ಎಷ್ಟೋ ದಿನದಿಂದ ಹುಳ ಬಿಟ್ಟು ಕದಲದ ಗಂಡ ಹೆಂಡತಿ, ದೋಸ್ತನೇ ಕಣ್ಣು ಮುಚ್ಚಿ ಮಲಗು ಅಂದಿದ್ದಾನಲ್ಲ ಎಂದು ಧೈರ್ಯ ಮಾಡಿ, ತಪ್ಪಲು ಹಾಕಿ, ಬಾಗಿಲು ಎಳೆದುಕೊಂಡು ಹೋದರು.

ಅವತ್ತೇ ಬಿಸಿಲೇರುವ ಹೊತ್ತಿಗೆ ಕರೆಂಟು ಹೋಯಿತು. ಚಹಾ ಕುಡಿಯುವಷ್ಟರಲ್ಲಿ ಬಂತು ಕೂಡ. ಕೂಲರು ಮಾತ್ರ ತಿರುಗಲಿಲ್ಲ.

ಶಂಕ್ರವ್ವ ಊಟ ಮುಗಿಸಿ ಗಂಡನಿಗಿಂತ ಮೊದಲೇ ಬಂದಳು. ಹೊಲದ ಬದುವಿನಲ್ಲೇ ಅವಳಿಗೆ ಏನೋ ಕಸಿವಿಸಿ, ಕೂಲರಿನ ಗುಂಯ್ ಸಪ್ಪಳ ಇಲ್ಲ. ಬಾಗಿಲು ತೆರೆದರೆ ಮುಖಕ್ಕೆ ಬೆಂಕಿ ಬಡಿದಂತಾಯಿತು. ಹುಳಗಳು ಮೇಯುವುದು ಬಿಟ್ಟು ತಲೆ ಎತ್ತಿ ಒದ್ದಾಡುತ್ತಿದ್ದವು. ಪಾಪ, ಆ ಹೆಣ್ಣುಮಗಳು ಉಟ್ಟ ರೇಷ್ಮೆಸೀರೆಯಲ್ಲೇ ತಟ್ಟು ತೋಯಿಸಿ ತೋಯಿಸಿ ಕಟ್ಟಿದಳು, ಬಿಂದಿಗೆ ಬಿಂದಿಗೆ ನೀರು ನೆಲಕ್ಕೆ ಸುರಿದಳು. ಸ್ವಲ್ಪ ಉಳಿದವು. ಬಹಳಷ್ಟು ಮುಂದಿನ ದಿನಗಳಲ್ಲಿ ಗೂಡು ಕಟ್ಟದೆ ಕರ್ರಗಾಗಿ ಉದುರಿದವು.

ಫೋನು ಬಂದಾಗ ಅಪ್ಪ, ಮಗಳು ಇಬ್ಬರೂ ಅಂಗಡಿಯಲ್ಲಿದ್ದರು. ಅಲ್ಲಾಸಾಬ ಸ್ಕೂಟರು ಹೊರಗೆಳೆಯುವಷ್ಟರಲ್ಲಿ ನಾಜಮೀನ ಯಾರೂ ಹೇಳದೆ ಹಿಂದೆ ಹತ್ತಿ ಕೂತಳು. ಹುಳದ ಮನೆಯ ಗೋಡೆಯ ಮೇಲೆ ಕೆಂಪು ಅಂಕಿ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಹತ್ತಿರ ಹೋಗಿ ಒಂದು ಗುಂಡಿ ಒತ್ತಿದಳು. ಕೂಲರು ಗುಂಯ್ ಎಂದು ತಿರುಗಿತು.

"ಇದು ಕೆಟ್ಟಿಲ್ಲ ಕಾಕಾ. ಕರೆಂಟ ಹೋಗಿ ಬಂದ್ರ ಯಾರರ ಬಂದ ಒತ್ತೂಮಟಾ ಕಾಯತೈತಿ. ಇದನ್ನ ಮಾಡಿದವ್ರ ಊರಾಗ ಕರೆಂಟ ಹೋಗೂದಿಲ್ಲ ಕಾಣ್ತೈತಿ."

ಮುತ್ತಪ್ಪ ತಲೆಗೆ ಕೈ ಹೊತ್ತು ಕೂತಿದ್ದವನು ಮುಖ ಎತ್ತಿದ. "ತಾನ ಚಾಲೂ ಆಗೂವಂಥಾದ್ದು ಇರೂದಿಲ್ಲೇನವಾ?"

ನಾಜಮೀನ ಅಪ್ಪನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಅಲ್ಲಾಸಾಬನಿಗೆ ಚೆನ್ನಾಗಿ ಗೊತ್ತು, ಸಿಟ್ಟಿನಿಂದಲ್ಲ. ಕಾಯುತ್ತಿದ್ದಳು. ಐತಿ ದೋಸ್ತ, ನನ್ನ ಮಗಳು ಮಾಡ್ಯಾಳ, ಅಂಗಡ್ಯಾಗ ಐತಿ. ಇಷ್ಟೇ ಅನ್ನಬೇಕಿತ್ತು. ಅಂದರೆ ಮುತ್ತಪ್ಪ ಮುಂದಿನ ಮಾತು ಕೇಳುತ್ತಾನೆ: ಮತ್ತ ಅದನ್ಯಾಕ ತರಲಿಲ್ಲೋ? ಆ ಪ್ರಶ್ನೆಗೆ ಅಂಜಿ ಅಲ್ಲಾಸಾಬ, "ಹುಬ್ಬಳ್ಯಾಗ ಕೇಳ್ತೀನಿ, ಬದಲಿ ಕೊಡ್ತಾರ" ಅಂದ.

"ಅಬ್ಬಾನ್ನ ಕೇಳ್ರಿ ಕಾಕಾ, ಅವರಿಗೆ ಗೊತ್ತು" ಎಂದು ನಾಜಮೀನ ಹೊರಗೆ ನಡೆದಳು.

ಮುತ್ತಪ್ಪ ದೋಸ್ತನಿಗೆ ಒಂದು ಕೆಟ್ಟ ಮಾತು ಅನ್ನಲಿಲ್ಲ. "ಹೋಗ್ಲಿ ಬಿಡಪಾ, ಮುಂದಿನ ಬೆಳಿಗೆ ನೋಡೂಣಂತ. ನೀನರ ಏನ ಮಾಡ್ತಿ?" ಎಂದು ಬೆನ್ನು ಸವರಿದ. ಬೈದಿದ್ದರೆ ಚಲೋ ಇತ್ತು.

ಅಂದಿನಿಂದ ನಾಜಮೀನ ಮೇಜಿಗೆ ಬಂದಳು, ಕೂತಳು, ಹೇಳಿದ ಕೆಲಸ ಮಾಡಿದಳು. ಕನ್ನಡ ಮಾತ್ರ ನಿಂತುಹೋಯಿತು. ಮೇಜಿನ ಮುಂದೆಯೂ ಅಪ್ಪನ ಜೊತೆ ಮನೆಯ ಮಾತು, ಮನೆಯ ತಗ್ಗಿದ ದನಿ. ಜೀ ಅಬ್ಬಾ, ಅಚ್ಛಾ ಅಬ್ಬಾ. ಅಲ್ಲಾಸಾಬ ಬೇಕೆಂದೇ ಒಂದು ಬೆಸುಗೆಯನ್ನು ಹುಸಿಯಾಗಿ ಮಾಡಿ ಅವಳ ಮುಂದಿಟ್ಟ. ಬೈಯಲಿ, ಕೈ ತಳ್ಳಲಿ ಎಂದು ಆಸೆಪಟ್ಟ. ಅವಳು ನೋಡಿದಳು, ಸುಮ್ಮನಾದಳು. ಮಳೆಗಾಲ ಮುಗಿಯುವುದರೊಳಗೆ ರೋಣದ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಹಿಡಿದಳು. ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬರುವಳು. ಸಾಬೀರಾ ಅಂಗಡಿಗೆ ಊಟ ತಂದುಕೊಡುವಾಗ ಆ ಖಾಲಿ ಸ್ಟೂಲಿನ ಮೇಲೆಯೇ ಇಟ್ಟು ಹೋಗುವಳು.

ಮತ್ತೆ ಶಿವರಾತ್ರಿ ಹತ್ತಿರ ಬಂತು. ಮುತ್ತಪ್ಪ ಹೊಸ ಹುಳ ತರುವ ಸುದ್ದಿ ಹೇಳಿದ. ಅವತ್ತು ಅಲ್ಲಾಸಾಬ ಅಂಗಡಿಯ ಕಪಾಟು ತೆರೆದು, ಹಳೆಯ ಕೆಪಾಸಿಟರುಗಳ ಹಿಂದೆ ಅವಳು ತಳ್ಳಿಟ್ಟಿದ್ದ ಹಸಿರು ಡಬ್ಬಿಯನ್ನು ತೆಗೆದ. ಧೂಳು ಒರೆಸಿ ಮುಚ್ಚಳ ಬಿಚ್ಚಿದ. ಒಂದು ಸಲವೂ ಒಳಗೆ ಇಣುಕಿ ನೋಡಿರಲಿಲ್ಲ ಅವನು, ಅದು ಆಗ ನೆನಪಾಯಿತು. ಬೆಸುಗೆಯೆಲ್ಲ ಜೋಳದ ಕಾಳಿನಂತೆ ದುಂಡಗೆ, ಹೊಳಪಾಗಿ ಕೂತಿತ್ತು. ವಾಯರು ಡಬ್ಬಿಯೊಳಗೆ ಬರುವಲ್ಲಿ, ಯಾರಾದರೂ ಹೊರಗಿಂದ ಜಗ್ಗಿದರೂ ಬೆಸುಗೆ ಕೀಳದಂತೆ, ಒಂದು ಗಂಟು. ಬಲಕ್ಕೆ ಒಂದು ಸುತ್ತು, ಒಳಗಿಂದ ಒಂದು ಸುತ್ತು. ಅದು ಉಸ್ತಾದರ ಗಂಟು. ಯಾವ ಕಾಲೇಜಿನಲ್ಲೂ ಅದನ್ನು ಕಲಿಸುವುದಿಲ್ಲ. ಇವನು ಹಾಕುವುದನ್ನು ಸ್ಟೂಲಿನ ಮೇಲೆ ನಿಂತು ನೋಡಿ ನೋಡಿ ಕಲಿತದ್ದು ಅವಳು. ಅಲ್ಲಾಸಾಬನಿಗೆ ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತ. ಏನು ಮಾಡಿಬಿಟ್ಟೆ ನಾನು, ಯಾ ಅಲ್ಲಾ, ನನ್ನ ಹುಡುಗಿಗೆ ಏನು ಮಾಡಿಬಿಟ್ಟೆ.

ಮುತ್ತಪ್ಪನಿಗೆ ಫೋನು ಹಚ್ಚಿ ಎಲ್ಲ ಹೇಳಿದ.

"ಹುಚ್ಚ ಸೂಳೀಮಗನ, ಆಕಿ ಕೈಯಾಗಿದ್ದದ್ದು ಅದ ಏನೋ? ಹೋಗು, ಮೊದ್ಲ ಹುಡುಗೀನ ಕರಕೊಂಡ ಬಾ. ಆಕೀನ ಹಚ್ಚಬೇಕು, ಆಕೀನ ಸ್ವಿಚ್ಚ ಹಾಕಬೇಕು. ನೀ ದೂರ ನಿಂದ್ರು."

"ದೂರ ನಿಂದರ್ತೀನೋ" ಅಂದ ಅಲ್ಲಾಸಾಬ. ಎಷ್ಟೋ ದಿನದ ಮೇಲೆ ಅವನ ಎದೆ ಹಗುರಾಗಿತ್ತು.

ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ರೋಣದ ಬಸ್ಸು ಹತ್ತಿದ. ಊಟ ಮಾಡಲೂ ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತನ್ನು ಕನ್ನಡದಲ್ಲಿ, ಮೇಜಿನ ಕನ್ನಡದಲ್ಲಿ, ಒಳಗೇ ತಿದ್ದಿ ತಿದ್ದಿ ಅಂದುಕೊಂಡ: ಬಾರವಾ, ನೀ ಮಾಡಿದ್ದಕ್ಕ ನೀನ ಸ್ವಿಚ್ಚ ಹಾಕು ಬಾ.

ಅಂಗಡಿಯ ಕೌಂಟರಿನ ಮುಂದೆ ಒಬ್ಬ ರೈತ ನಿಂತಿದ್ದ. ಸವಡಿಯ ಕಡೆಯವನು, ದುರಗಪ್ಪ ಎಂದು ಹೆಸರು. ಕೋಳಿಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಗೆ ಅವನಿಗೆ ಕಂ‍ಟ್ರೋಲರು ಬೇಕಿತ್ತು. ನಾಜಮೀನ ಕರಿ ಯಂತ್ರವನ್ನು ಹೊರತೆಗೆದು ಗಾಜಿನ ಮೇಲಿಟ್ಟಿದ್ದಳು. ಅದೇ ಮೈ, ಅದೇ ಕೆಂಪು ಅಂಕಿ.

"ನಮ್ಮೂರಾಗ ಒಬ್ಬಾಂವ ಕೈಲೆ ಮಾಡಿಕೊಡ್ತೀನಿ ಅಂತಾನವಾ. ಹ್ಯಾಂಗ ಮಾಡ್ಲಿ?" ಎಂದು ದುರಗಪ್ಪ ಕೇಳಿದ.

"ಕೈಲೆ ಮಾಡಿದ್ದಕ್ಕ ಯಾರ ಗ್ಯಾರಂಟಿ? ತಯಾರ ಮಾಲ ತಗೊಂಡ್ರ ಕಣ್ಣ ಮುಚ್ಚಿ ಮಲಗಬಹುದು."

ಅಲ್ಲಾಸಾಬ ಹೊಸ್ತಿಲ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಹುಳದ ಮನೆಯ ಬಾಗಿಲಲ್ಲಿ ತಾನಾಡಿದ ಮಾತೇ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ವರ್ಷವಾಗಿತ್ತು ಅವನು ಅವಳ ಬಾಯಲ್ಲಿ ಮೇಜಿನ ಕನ್ನಡ ಕೇಳಿ.

"ಆದ್ರ ಒಂದ ಮಾತ ನೆನಪಿಡ್ರಿ. ಕರೆಂಟ ಹೋಗಿ ಬಂದ್ರ ಈ ಗುಂಡಿ ಒತ್ತಬೇಕು. ಒತ್ತಲಿಲ್ಲಂದ್ರ ಚಾಲೂ ಆಗೂದಿಲ್ಲ" ಎಂದು ಅವಳು ಗುಂಡಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಅಯ್ಯ, ನಮ್ಮಲ್ಲಿ ತಾಸಿಗೊಮ್ಮೆ ಹೋಗತೈತವಾ. ತಾನ ಚಾಲೂ ಆಗೂವಂಥಾದ್ದು ಇಲ್ಲೇನು?"

ನಾಜಮೀನ ಉತ್ತರ ಕೊಡಲು ತಲೆ ಎತ್ತಿದಳು. ಬಾಗಿಲಲ್ಲಿ ಅಪ್ಪ ಕಂಡ. ಅವನ ಕೈಚೀಲದ ಬಾಯಿಂದ ಇಣುಕುತ್ತಿದ್ದ ಹಸಿರು ಮುಚ್ಚಳವೂ ಕಂಡಿತು. ಅದರ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅಲ್ಲಾಸಾಬ ಚೀಲವನ್ನು ಒಂದಿಷ್ಟು ಮೇಲೆತ್ತಿದ.

"ಇಲ್ರಿ" ಅಂದಳು ನಾಜಮೀನ ಗಿರಾಕಿಯ ಕಡೆ ತಿರುಗಿ. "ಅಂಥಾದ್ದು ಯಾರೂ ಮಾಡಿಲ್ಲ."

ಯಂತ್ರವನ್ನು ರಟ್ಟಿನ ಡಬ್ಬಿಗೆ ಹಾಕಿ, ದಾರ ಸುತ್ತಿ, ದುರಗಪ್ಪನ ಕೈಗೆ ಕೊಟ್ಟು ಕಳಿಸಿದಳು. ಆಮೇಲೆ ಕೌಂಟರಿನ ಹಿಂದಿನಿಂದ ಬಂದು ಅಪ್ಪನಿಗೆ ಕುರ್ಚಿ ಎಳೆದು ಹಾಕಿದಳು, ನೀರು ತಂದುಕೊಟ್ಟಳು. ಬಿಸಿಲಲ್ಲಿ ಯಾಕೆ ಬಂದಿರಿ, ಊಟ ಆಯಿತೇ ಎಂದು ಉರ್ದುವಿನಲ್ಲಿ, ತಗ್ಗಿದ ದನಿಯಲ್ಲಿ ಕೇಳಿದಳು.

ಆಯಿತು ಎಂದು ಅಲ್ಲಾಸಾಬನೂ ಉರ್ದುವಿನಲ್ಲೇ ಹೇಳಿದ. ನೀರು ಕುಡಿದು, ಚೀಲದ ಬಾಯಿ ಮುಚ್ಚಿ, ಗಜೇಂದ್ರಗಡದ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮಗಳನ್ನು ಕೇಳಿದ.